ಡಾಂಗಲ್ ಬಿಟ್ಟು ಇಂಟರ್ನೆಟ್‌ಗೆ: ಯಾರ್ಡಿನ ಅಂಗಡಿಗಳ ಲೈಸೆನ್ಸ್ ನೋಡಿಕೊಂಡ ನನ್ನ ಅನುಭವ

ನಮ್ಮ ಆಫೀಸಿನ ಕೆಳಗಿನ ಡ್ರಾಯರ್‌ನಲ್ಲಿ ಒಂದು ಸ್ವೀಟ್ ಡಬ್ಬಿ ಇದೆ. ಅದರ ತುಂಬ ಹಳೆಯ ಯುಎಸ್‌ಬಿ ಡಾಂಗಲ್‌ಗಳು. ಹೆಬ್ಬೆರಳಿನಷ್ಟು ಉದ್ದದ ಹಸಿರು ಪ್ಲಾಸ್ಟಿಕ್ ತುಂಡು, ಹಿಂದುಗಡೆ ಸ್ಕೆಚ್ ಪೆನ್ನಿನಲ್ಲಿ ಬರೆದ ಅಂಗಡಿ ನಂಬರ್. 2017ರವರೆಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುತ್ತಿದ್ದದ್ದು ಹಾಗೆಯೇ: ಒಂದು ಸಿಡಿ, ಒಂದು ಡಾಂಗಲ್. ಡಾಂಗಲ್ ಚುಚ್ಚಿದ್ದರೆ ಬಿಲ್ ಬರುತ್ತದೆ, ಕಿತ್ತರೆ ನಿಲ್ಲುತ್ತದೆ.

ನಮ್ಮ ಗ್ರಾಹಕರು ದಾವಣಗೆರೆ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯವರು, ಹರಿಹರದ ಕಡೆಯ ಅಕ್ಕಿ ಗಿರಣಿಯವರು, ಚಳ್ಳಕೆರೆಯ ಎಣ್ಣೆ ಮಿಲ್ಲಿನವರು, ಮಂಡಿಪೇಟೆಯ ಕಿರಾಣಿ ಹೋಲ್‌ಸೇಲ್‌ನವರು. ಅಂಥ ಅಂಗಡಿಯಲ್ಲಿ ಕಂಪ್ಯೂಟರ್ ಇರುವುದು ಚೀಲಗಳ ಸಂದಿಯಲ್ಲಿ. ಕಸ ಗುಡಿಸುವಾಗ ಪೊರಕೆ ತಾಗಿ ಡಾಂಗಲ್ ಮುರಿಯುತ್ತಿತ್ತು. ಪೆನ್‌ಡ್ರೈವ್ ಅಂದುಕೊಂಡು ಹುಡುಗರು ಕಿತ್ತುಕೊಂಡು ಹೋಗುತ್ತಿದ್ದರು. ಅದನ್ನು ಬದಲಾಯಿಸುವ ಐದು ನಿಮಿಷದ ಕೆಲಸಕ್ಕೆ ಚಿತ್ರದುರ್ಗ ದಾಟಿ ಚಳ್ಳಕೆರೆಗೆ ಬಸ್ಸಿನಲ್ಲಿ ಹೋಗಿ, ರಾತ್ರಿ ವಾಪಸ್ ಬಂದ ದಿನಗಳಿಗೆ ಲೆಕ್ಕವಿಲ್ಲ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಎಲ್ಲರಿಗೂ ಒಂದೇ ದಿನ ಹೊಸ ನಮೂನೆಯ ಬಿಲ್ ಬೇಕಾಯಿತು. ಇಬ್ಬರು ಹುಡುಗರು, ಎರಡು ಬೈಕು, ಕೈಯಲ್ಲಿ ಸಿಡಿ ಕಟ್ಟು. ಎಲ್ಲ ಅಂಗಡಿ ಮುಟ್ಟುವಷ್ಟರಲ್ಲಿ ತಿಂಗಳು ಮುಗಿದಿತ್ತು. ಆಮೇಲೆ ಕೂತು ಯೋಚಿಸಿದೆ. ಹೊಸ ಆವೃತ್ತಿ, ಲೈಸೆನ್ಸು, ನವೀಕರಣ ಮೂರೂ ಇಂಟರ್ನೆಟ್ ಮೇಲೆಯೇ ಆಗಬೇಕು ಅಂತ ಅವತ್ತು ತೀರ್ಮಾನ ಮಾಡಿದೆ.

ಹೊಸ ವ್ಯವಸ್ಥೆಯ ಮೂಲ ಸರಳ. ಪ್ರತಿ ಗ್ರಾಹಕರಿಗೂ ಒಂದು ಲೈಸೆನ್ಸ್ ಫೈಲ್. ಅದರಲ್ಲಿ ಸಂಸ್ಥೆಯ ಹೆಸರು, ಎಷ್ಟು ಕಂಪ್ಯೂಟರ್, ಯಾವ ದಿನಾಂಕದವರೆಗೆ ಅಂತ ಬರೆದಿರುತ್ತದೆ. ಕೊನೆಯಲ್ಲಿ ಡಿಜಿಟಲ್ ಸಹಿ. ಸಹಿ ಹಾಕುವ ಗುಟ್ಟಿನ ಕೀ ನಮ್ಮ ಹತ್ತಿರ ಮಾತ್ರ ಇರುತ್ತದೆ, ಸಹಿ ನಮ್ಮದೇ ಹೌದೋ ಅಲ್ಲವೋ ಎಂದು ನೋಡುವ ಸಾರ್ವಜನಿಕ ಕೀ ಸಾಫ್ಟ್‌ವೇರ್ ಒಳಗೇ ಇರುತ್ತದೆ. ಫೈಲಿನಲ್ಲಿ ಯಾರಾದರೂ ಒಂದು ಅಂಕಿ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಸಾಫ್ಟ್‌ವೇರ್ ದಿನಕ್ಕೊಮ್ಮೆ ನಮ್ಮ ಸರ್ವರನ್ನು ಕೇಳುತ್ತದೆ, ಸರ್ವರ್ ಹೊಸ ಸಹಿಯ ಚೀಟಿ ಕೊಡುತ್ತದೆ. ಆ ಚೀಟಿಯ ಅವಧಿ ಇರುವಷ್ಟು ದಿನ ನೆಟ್ ಇಲ್ಲದೆಯೂ ಸಾಫ್ಟ್‌ವೇರ್ ಓಡುತ್ತದೆ. ಇಷ್ಟನ್ನು ಬರೆಯುವುದಕ್ಕೆ ಎರಡು ತಿಂಗಳು ಸಾಕಾಯಿತು. ಸರಿಯಾಗಿ ನಡೆಸುವುದು ಕಲಿಯಲು ನಾಲ್ಕು ವರ್ಷ ಹಿಡಿಯಿತು.

ಮೊದಲ ಏಟು ಬಿದ್ದದ್ದು ಕಂಪ್ಯೂಟರ್ ಗುರುತಿಸುವ ವಿಷಯದಲ್ಲಿ. ಒಂದು ಲೈಸೆನ್ಸನ್ನು ಹತ್ತು ಕಡೆ ಹಾಕಿಕೊಳ್ಳಬಾರದಲ್ಲ, ಅದಕ್ಕೆ ಮದರ್‌ಬೋರ್ಡಿನ ಸೀರಿಯಲ್ ನಂಬರನ್ನೇ ಗುರುತು ಮಾಡಿಕೊಂಡಿದ್ದೆ. ಒಂದು ದಿನ ಅಶೋಕ ರಸ್ತೆಯ ಅಂಗಡಿಯ ಲೈಸೆನ್ಸು ಹರಿಹರದ ಗಿರಣಿಯಲ್ಲೂ ಓಡುತ್ತಿದೆ ಅಂತ ಸರ್ವರ್ ಎಚ್ಚರಿಕೆ ಕೊಟ್ಟಿತು. ಗಿರಣಿಯವರು ಕದ್ದಿದ್ದಾರೆ ಅಂತಲೇ ಅಂದುಕೊಂಡೆ. ಫೋನ್ ಮಾಡುವ ಮೊದಲು ಒಮ್ಮೆ ದಾಖಲೆ ತೆಗೆದು ನೋಡಿದೆ. ಎರಡೂ ಕಡೆ ಸೀರಿಯಲ್ ನಂಬರಿನ ಜಾಗದಲ್ಲಿ ನಂಬರೇ ಇರಲಿಲ್ಲ. 'ಟು ಬಿ ಫಿಲ್ಡ್ ಬೈ ಓಇಎಂ' ಎಂಬ ಸಾಲು ಇತ್ತು, ಅಂದರೆ ತಯಾರಕರು ತುಂಬಬೇಕಾದ ಜಾಗ. ಅಗ್ಗದ ಬೋರ್ಡುಗಳಲ್ಲಿ ಅದನ್ನು ಯಾರೂ ತುಂಬಿಯೇ ಇರುವುದಿಲ್ಲ. ನಮ್ಮೂರಲ್ಲಿ ಅರ್ಧಕ್ಕರ್ಧ ಕಂಪ್ಯೂಟರ್‌ಗಳು ಅಸೆಂಬಲ್ ಮಾಡಿಸಿದವು. ಆ ಫೋನ್ ಮಾಡಿಬಿಟ್ಟಿದ್ದರೆ ಒಬ್ಬ ಮರ್ಯಾದಸ್ಥರನ್ನು ಕಳ್ಳ ಅಂದಂತಾಗುತ್ತಿತ್ತು. ಈಗ ಹಾರ್ಡ್‌ಡಿಸ್ಕ್, ನೆಟ್‌ವರ್ಕ್ ಕಾರ್ಡ್, ವಿಂಡೋಸ್ ಗುರುತು, ಬೋರ್ಡು ನಾಲ್ಕನ್ನೂ ನೋಡುತ್ತೇವೆ. ಎರಡು ತಾಳೆಯಾದರೆ ಅದೇ ಕಂಪ್ಯೂಟರ್ ಅಂತ ಒಪ್ಪುತ್ತೇವೆ. ಖಾಲಿ ಇರುವ, ಎಲ್ಲ ಕಡೆ ಒಂದೇ ಥರ ಇರುವ ಗುರುತುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎರಡನೆಯದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. 2018ರ ನವೆಂಬರ್, ಮೆಕ್ಕೆಜೋಳದ ಸುಗ್ಗಿ. ಯಾರ್ಡಿನಲ್ಲಿ ಟ್ರ್ಯಾಕ್ಟರ್‌ಗಳಿಗೆ ನಿಲ್ಲಲು ಜಾಗ ಇರುವುದಿಲ್ಲ, ಕಟ್ಟೆ ಮೇಲೆಲ್ಲ ಜೋಳದ ರಾಶಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಹಿರಿಯ ದಲ್ಲಾಳಿಗಳು ಫೋನ್ ಮಾಡಿದರು.

'ಏನ್ರೀ ಇದು, ದಿನಾಂಕ ತಿದ್ದಲಾಗಿದೆ, ಲೈಸೆನ್ಸ್ ರದ್ದು ಅಂತ ಬರ್ತೈತಿ. ನಾನೇನ್ ಕಳ್ಳನೇನ್ರೀ? ರೈತ್ರು ಕುಂತಾರೆ, ಪಟ್ಟಿ ಕೊಡೋಕಾಗ್ತಿಲ್ಲ.'

'ಯಜಮಾನ್ರೆ, ಹತ್ತು ನಿಮಿಷ, ಬಂದೆ' ಅಂದು ಸ್ಕೂಟರ್ ಹತ್ತಿದೆ.

ಅಂಗಡಿಯಲ್ಲಿ ಎಂಟು ಹತ್ತು ರೈತರು ಚೀಲದ ಮೇಲೆ ಕೂತಿದ್ದರು. ತೂಕ ಆಗಿತ್ತು, ದರ ಆಗಿತ್ತು. ಹಮಾಲಿ, ಮುಂಗಡ ಕಳೆದು ಕೈಗೆ ಎಷ್ಟು ಅಂತ ಹೇಳುವ ಪಟ್ಟಿಯೊಂದು ಬರಬೇಕಿತ್ತು. ಗುಮಾಸ್ತರು ಕೈಯಲ್ಲಿ ಬರೆಯಲು ಶುರುಮಾಡಿದ್ದರು. ಕಂಪ್ಯೂಟರಿನ ಮೂಲೆಯಲ್ಲಿ ದಿನಾಂಕ ನೋಡಿದೆ: 2009ರ ಜನವರಿ 1. ಯಾರೂ ತಿದ್ದಿರಲಿಲ್ಲ. ರಾತ್ರಿ ಕರೆಂಟ್ ಹೋಗಿತ್ತು, ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿ ಸತ್ತಿತ್ತು, ಗಡಿಯಾರ ಹುಟ್ಟಿದ ದಿನಕ್ಕೆ ಹೋಗಿ ಕೂತಿತ್ತು. ಅವಧಿ ಮುಗಿಯದಂತೆ ದಿನಾಂಕ ಹಿಂದೆ ಹಾಕುವವರನ್ನು ಹಿಡಿಯಲು ನಾನು ಬರೆದಿದ್ದ ಹತ್ತು ಸಾಲಿನ ಕೋಡು, ವರ್ಷಗಟ್ಟಲೆ ಮುಂಚಿತವಾಗಿಯೇ ದುಡ್ಡು ಕಟ್ಟುತ್ತಾ ಬಂದ ಮನುಷ್ಯನನ್ನು ರೈತರ ಎದುರಿಗೆ ನಿಲ್ಲಿಸಿತ್ತು.

ಗಡಿಯಾರದ ಅಂಗಡಿಯಿಂದ ಸಿಆರ್ 2032 ಬ್ಯಾಟರಿ ತಂದು ಹಾಕಿ, ದಿನಾಂಕ ಸರಿ ಮಾಡಿ, ಲೈಸೆನ್ಸ್ ಮತ್ತೆ ಚಾಲೂ ಮಾಡುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ಯಜಮಾನರು ಬೈಯಲಿಲ್ಲ, ಟೀ ತರಿಸಿದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಆ ರಾತ್ರಿಯೇ ಆ ಸಾಲುಗಳನ್ನು ಕಿತ್ತುಹಾಕಿದೆ. ಈಗ ಕಂಪ್ಯೂಟರಿನ ದಿನಾಂಕವು ಕೊನೆಯ ಬಿಲ್ಲಿನ ದಿನಾಂಕಕ್ಕಿಂತ ಹಿಂದಿದ್ದರೆ ಸಾಫ್ಟ್‌ವೇರ್ ಬಾಗಿಲು ಹಾಕುವುದಿಲ್ಲ. 'ಗಡಿಯಾರ ಹಿಂದೆ ಹೋಗಿದೆ, ಬ್ಯಾಟರಿ ನೋಡಿಸಿ' ಎಂದು ಕನ್ನಡದಲ್ಲಿ ಹೇಳಿ, ಸರ್ವರಿನಿಂದ ಸರಿಯಾದ ಸಮಯ ತೆಗೆದುಕೊಳ್ಳುತ್ತದೆ. ನೆಟ್ ಇಲ್ಲದಿದ್ದರೆ ಗುಮಾಸ್ತರನ್ನು ಕೇಳಿ ಅವತ್ತಿನ ತಾರೀಖು ಹಾಕಿಸಿಕೊಳ್ಳುತ್ತದೆ. ದಿನಾಂಕ ತಿರುಗಿಸಿ ನನಗೆ ಮೋಸ ಮಾಡಿದವರು ಇಷ್ಟು ವರ್ಷದಲ್ಲಿ ಇಬ್ಬರು. ಸತ್ತ ಬ್ಯಾಟರಿಗಳನ್ನು ನಾನೇ ಬದಲಾಯಿಸಿದ್ದು ಹತ್ತಾರು.

ನೆಟ್ ಇಲ್ಲದೆ ಎಷ್ಟು ದಿನ ಓಡಲು ಬಿಡಬೇಕು ಎನ್ನುವುದೂ ಹೀಗೇ ಪೆಟ್ಟು ತಿಂದು ಕಲಿತದ್ದು. ಮೊದಲು 3 ದಿನ ಇಟ್ಟಿದ್ದೆ. ಚರಂಡಿಗೆ ರಸ್ತೆ ಅಗೆದಾಗ ಕೇಬಲ್ ತುಂಡಾಗಿ ಒಂದು ಬೀದಿಯೇ ಐದು ದಿನ ನೆಟ್ ಇಲ್ಲದೆ ಕೂತಿತು. 7 ಮಾಡಿದೆ. ಆಮೇಲೆ ಜಗಳೂರು ಕಡೆಯ ಒಂದು ಅಂಗಡಿಯಲ್ಲಿ ಅದೂ ಸಾಲಲಿಲ್ಲ. ಈಗ 30 ದಿನ. ಈ 30 ದಿನ ನನ್ನನ್ನೂ ಒಮ್ಮೆ ಉಳಿಸಿದೆ. ಕಂಪ್ಯೂಟರ್ ಮತ್ತು ಸರ್ವರ್ ಗುಟ್ಟಾಗಿ ಮಾತಾಡುವ ಹಳೆಯ ಪದ್ಧತಿಯಾದ ಟಿಎಲ್‌ಎಸ್ 1.0 ಅನ್ನು ಸರ್ವರಿನಲ್ಲಿ ನಿಲ್ಲಿಸಿದ ದಿನ, ವಿಂಡೋಸ್ 7 ಇದ್ದ ಕಂಪ್ಯೂಟರ್‌ಗಳೆಲ್ಲ ನಮ್ಮ ಜೊತೆ ಮಾತು ಬಿಟ್ಟವು. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿತ್ತು, ಆದರೂ ನಮ್ಮ ಅಂಗಡಿಗಳಲ್ಲಿ ಅದು ಓಡುತ್ತಲೇ ಇತ್ತು. ಚೀಟಿಯ ಅವಧಿ ಇನ್ನೂ ಉಳಿದಿದ್ದರಿಂದ ಯಾರ ಬಿಲ್ಲೂ ನಿಲ್ಲಲಿಲ್ಲ, ಒಂದೊಂದೇ ಅಂಗಡಿಯದನ್ನು ಸರಿ ಮಾಡಲು ಸಮಯ ಸಿಕ್ಕಿತು.

ಗ್ರಾಹಕರ ಅನುಮಾನವೇ ಬೇರೆ ಇತ್ತು. 'ದಿನಾ ಇಂಟರ್ನೆಟ್‌ಗೆ ಏನೋ ಹೋಗ್ತೈತಲ್ಲ, ನಮ್ ಲೆಕ್ಕ ಎಲ್ಲಾ ನಿಮಗೆ ಕಾಣ್ತೈತೇನು?' ಇದು ನ್ಯಾಯವಾದ ಪ್ರಶ್ನೆ. ಮಾತಿನಲ್ಲಿ ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ. ಕೊನೆಗೆ ಮೆನುವಿನಲ್ಲಿ ಒಂದು ಬಟನ್ ಇಟ್ಟೆ: 'ಇಂದು ಏನು ಕಳಿಸಿದೆವು'. ಒತ್ತಿದರೆ ಆ ದಿನ ಹೊರಗೆ ಹೋದ ನಾಲ್ಕು ಸಾಲು ಅಷ್ಟನ್ನೂ ತೋರಿಸುತ್ತದೆ: ಗ್ರಾಹಕ ಸಂಖ್ಯೆ, ಆವೃತ್ತಿ, ಕಂಪ್ಯೂಟರಿನ ಗುರುತು, ಸಮಯ. ಒಬ್ಬ ಎಣ್ಣೆ ಮಿಲ್ಲಿನ ಮಾಲೀಕರು ಕನ್ನಡಕ ಹಾಕಿಕೊಂಡು ನಾಲ್ಕೂ ಸಾಲನ್ನು ಬೆರಳಿಟ್ಟು ಓದಿ, 'ಇಷ್ಟೇ ಆದ್ರೆ ಅಡ್ಡಿಯಿಲ್ಲ ಬಿಡ್ರಿ' ಅಂದರು. ಆ ಬಟನ್ ಮಾಡಲು ಅರ್ಧ ದಿನ ಹಿಡಿದಿರಬಹುದು. ಅದಕ್ಕಿಂತ ಬೆಲೆಬಾಳುವ ಕೆಲಸ ನಾನು ಆ ವರ್ಷ ಮಾಡಲಿಲ್ಲ.

ಲೈಸೆನ್ಸು ಯಾರದು ಎನ್ನುವ ಪ್ರಶ್ನೆ ಕಂಪ್ಯೂಟರಿನದಲ್ಲ, ಮನೆತನದ್ದು. ಒಂದು ಹೋಲ್‌ಸೇಲ್ ಅಂಗಡಿ, ಅಣ್ಣತಮ್ಮಂದಿರು ಭಾಗವಾದರು. ನಾಲ್ಕು ಕಂಪ್ಯೂಟರಿನ ಲೈಸೆನ್ಸು, ಎರಡು ಅವರ ಬಳಿ, ಎರಡು ಇವರ ಬಳಿ. ಮೊದಲಿನಿಂದ ನನ್ನೊಡನೆ ವ್ಯವಹಾರ ಮಾಡುತ್ತಿದ್ದ ಅಣ್ಣ ಫೋನ್ ಮಾಡಿ, 'ಅವನ ಕಡೆ ಇರೋದನ್ನ ಬಂದ್ ಮಾಡಪ್ಪ' ಅಂದರು. ನಾನು ಆಫೀಸಿನಲ್ಲಿ ಕೂತು ಒಂದು ಬಟನ್ ಒತ್ತಿದೆ. ತಮ್ಮನ ಅಂಗಡಿಯ ಕೌಂಟರ್ ಒಂದು ದಿನ ಪೂರ್ತಿ ನಿಂತಿತು. ಡಾಂಗಲ್ ಕಾಲದಲ್ಲಿ ಆಗಿದ್ದರೆ ನಾನು ಖುದ್ದು ಹೋಗಿ, ಅವರ ಮುಖ ನೋಡಿ ಕಿತ್ತುಕೊಳ್ಳಬೇಕಿತ್ತು. ಹಾಗೆ ಮಾಡುವ ಧೈರ್ಯ ನನಗೆ ಬರುತ್ತಿರಲಿಲ್ಲ. ದೂರದಿಂದ ಒತ್ತುವುದು ಅಷ್ಟು ಸುಲಭವಾಗಿಬಿಟ್ಟಿತ್ತು. ಮರುದಿನ ತಮ್ಮನ ಅಂಗಡಿಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದೆ.

ಅಲ್ಲಿಂದ ಲೈಸೆನ್ಸನ್ನು ಸಂಸ್ಥೆಯ ಹೆಸರಿಗೆ, ಅಂದರೆ ಜಿಎಸ್‌ಟಿ ನಂಬರಿಗೆ ಕಟ್ಟಿದೆ. ಆ 15 ಅಕ್ಷರದಲ್ಲಿ ಮೊದಲ ಎರಡು ರಾಜ್ಯದ್ದು, ನಮ್ಮದು 29. ಮುಂದಿನ ಹತ್ತು ಪ್ಯಾನ್ ನಂಬರ್. ಭಾಗವಾಗಿ ಹೊಸ ಸಂಸ್ಥೆ ಮಾಡಿಕೊಂಡವರಿಗೆ ಬೇರೆ ಪ್ಯಾನ್, ಬೇರೆ ಜಿಎಸ್‌ಟಿ ನಂಬರ್ ಇರುತ್ತದೆ, ಜಗಳಕ್ಕೆ ಅಲ್ಲಿ ಜಾಗವಿಲ್ಲ. ಜಿಎಸ್‌ಟಿ ನಂಬರ್ ಇಲ್ಲದ ದಲ್ಲಾಳಿಗಳಿಗೆ ಎಪಿಎಂಸಿ ಪರವಾನಗಿ ನಂಬರ್. ಹೊರಗೆ ಹೋದವರಿಗೆ ಉಳಿದ ತಿಂಗಳುಗಳ ಲೆಕ್ಕದಲ್ಲಿ ಹೊಸ ಲೈಸೆನ್ಸ್ ಕೊಡುತ್ತೇನೆ. ಹಳೆಯ ಲೆಕ್ಕದ ಪ್ರತಿ ಇಬ್ಬರಿಗೂ ಸಿಗುತ್ತದೆ. ಫೋನಿನ ಮಾತಿನ ಮೇಲೆ ಯಾರದನ್ನೂ ನಿಲ್ಲಿಸುವುದಿಲ್ಲ. ಲೆಟರ್‌ಹೆಡ್ ಮೇಲೆ ಪತ್ರ ಬರಬೇಕು, ಎರಡೂ ಕಡೆಗೆ 15 ದಿನ ಮೊದಲೇ ತಿಳಿಸುತ್ತೇವೆ. ನೋಂದಾಯಿಸಿದ ಮೊಬೈಲ್ ನಂಬರ್ ಅಕೌಂಟೆಂಟರದ್ದಾಗಿರಬಾರದು, ಮಾಲೀಕರದ್ದೇ ಇರಬೇಕು ಅಂತಲೂ ಹಟ ಹಿಡಿಯುತ್ತೇನೆ. ಅಕೌಂಟೆಂಟ್ ಕೆಲಸ ಬಿಟ್ಟ ದಿನ ಅದರ ಕಷ್ಟ ಗೊತ್ತಾಗುತ್ತದೆ.

ನವೀಕರಣದ ತಾರೀಖು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಸಣ್ಣದಲ್ಲ. ಯಾರು ಯಾವಾಗ ಕೊಂಡರೋ ಅವತ್ತಿನಿಂದ ವರ್ಷ ಎಣಿಸುತ್ತಿದ್ದೆವು. ಹಾಗಾಗಿ ಕೆಲವರ ಅವಧಿ ಸರಿಯಾಗಿ ಸುಗ್ಗಿಯ ನಡುವೆ ಮುಗಿಯುತ್ತಿತ್ತು, ಕೆಲವರದ್ದು ಮಾರ್ಚ್ 31ರ ಗಡಿಬಿಡಿಯಲ್ಲಿ. ಎರಡೂ ಹೊತ್ತಲ್ಲಿ ಫೋನ್ ಎತ್ತುವವರಿಲ್ಲ. ಈಗ ಎಲ್ಲರದ್ದೂ ಫೆಬ್ರವರಿಗೆ ತಂದಿದ್ದೇನೆ. ಜೋಳದ ಗದ್ದಲ ಮುಗಿದಿರುತ್ತದೆ, ಕೈಯಲ್ಲಿ ದುಡ್ಡು ಓಡಾಡುತ್ತಿರುತ್ತದೆ, ವರ್ಷಾಂತ್ಯದ ಲೆಕ್ಕ ಇನ್ನೂ ಶುರುವಾಗಿರುವುದಿಲ್ಲ. ತಾರೀಖು ಹೊಂದಿಸಲು ಕೆಲವರಿಗೆ ಐದಾರು ತಿಂಗಳು ಬಿಟ್ಟುಕೊಟ್ಟೆ. ಆ ನಷ್ಟ ಒಂದೇ ವರ್ಷದಲ್ಲಿ ವಾಪಸ್ ಬಂತು, ಏಕೆಂದರೆ ಬಾಕಿಗಾಗಿ ಅಲೆಯುವುದು ತಪ್ಪಿತು. ವರ್ಷಕ್ಕೆ 6,000, ಮೇಲೆ 18% ಜಿಎಸ್‌ಟಿ, ಒಟ್ಟು 7,080 ರೂಪಾಯಿ. 15,000ದವರೆಗೆ ಪ್ರತಿ ಸಲ ಒಟಿಪಿ ಇಲ್ಲದೆ ಖಾತೆಯಿಂದ ತಾನೇ ಕಡಿತವಾಗುವ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ 2022ರಿಂದ ಕೊಟ್ಟಿದೆ. ನಮ್ಮಲ್ಲಿ ಅದನ್ನು ಒಪ್ಪಿದವರು ಕಡಿಮೆ. ತಾವೇ ಕೈಯಾರೆ ಕೊಡುವುದು ಇಲ್ಲಿನ ವ್ಯಾಪಾರದ ರೀತಿ, ನಾನು ಒತ್ತಾಯ ಮಾಡುವುದಿಲ್ಲ.

ದುಡ್ಡು ಬರಲಿಲ್ಲ ಅಂದರೆ? 15 ದಿನ ಎಲ್ಲವೂ ಎಂದಿನಂತೆ. ಆಮೇಲೆ 30 ದಿನ ಬೆಳಿಗ್ಗೆ ತೆರೆದಾಗ ಒಂದು ಸೂಚನೆ ಬರುತ್ತದೆ. ಅದೂ ಮುಗಿದರೆ ಹೊಸ ಬಿಲ್ ಬರೆಯುವುದು ನಿಲ್ಲುತ್ತದೆ. ಆದರೆ ಹಳೆಯ ಬಿಲ್ ನೋಡುವುದು, ಪ್ರಿಂಟ್ ತೆಗೆಯುವುದು, ಎಕ್ಸೆಲ್‌ಗೆ ಹೊರತೆಗೆಯುವುದು ಎಂದೂ ನಿಲ್ಲುವುದಿಲ್ಲ. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಅವರು ಕಾನೂನಿಗೆ ತೋರಿಸಬೇಕಾದ ಪುಸ್ತಕಕ್ಕೆ ನಾನು ಬೀಗ ಹಾಕಿ ಕೀ ಜೇಬಿನಲ್ಲಿಟ್ಟುಕೊಳ್ಳಲು ನನಗೆ ಹಕ್ಕಿಲ್ಲ. ಸಾಫ್ಟ್‌ವೇರ್ ನನ್ನದು, ಲೆಕ್ಕ ಅವರದು. ಹೀಗೆ ಬಿಟ್ಟರೆ ಯಾರೂ ದುಡ್ಡು ಕಟ್ಟುವುದಿಲ್ಲ ಅಂತ ಈ ಕಸುಬಿನ ಗೆಳೆಯರು ಹೆದರಿಸಿದ್ದರು. ಕಟ್ಟುತ್ತಿದ್ದಾರೆ.

ಎರಡು ವರ್ಷದ ಕೆಳಗೆ ಆ ಬ್ಯಾಟರಿ ಸತ್ತ ಅಂಗಡಿಯ ಯಜಮಾನರು ನವೀಕರಣದ ಚೆಕ್ ಕೊಡುತ್ತಾ ಕೇಳಿದರು: 'ತಮ್ಮಾ, ಒಂದ್ಮಾತು, ಬೇಜಾರಾಗಬ್ಯಾಡ. ನಾಳೆ ನಿನಗೇ ಏನಾದ್ರೂ ಆಯ್ತು ಅಂತಿಟ್ಕೋ. ನಿನ್ನ ಸರ್ವರ್ ಬಂದಾದ್ರೆ ನಮ್ ಗತಿ?'

ನನ್ನಲ್ಲಿ ಉತ್ತರ ಇರಲಿಲ್ಲ. ಒಂದು ವಾರ ಅದೇ ತಲೆಯಲ್ಲಿತ್ತು. ಆಮೇಲೆ ಎಲ್ಲ ಗ್ರಾಹಕರ ಕಂಪ್ಯೂಟರಿನಲ್ಲೂ ನಡೆಯುವ, ಕೊನೆಯ ದಿನಾಂಕವೇ ಇಲ್ಲದ ಒಂದು ಲೈಸೆನ್ಸ್ ಫೈಲ್ ತಯಾರಿಸಿ, ಸಹಿ ಹಾಕಿ, ಎರಡು ಪೆನ್‌ಡ್ರೈವ್‌ಗೆ ತುಂಬಿದೆ. ಹೇಗೆ ಬಳಸಬೇಕು ಅಂತ ಒಂದು ಹಾಳೆ ಕನ್ನಡದಲ್ಲಿ ಬರೆದು ಜೊತೆಗಿಟ್ಟೆ. ಲಕೋಟೆಗೆ ಅರಗು ಹಾಕಿಸಿ, ಒಂದನ್ನು ನಮ್ಮ ವಕೀಲರ ಬಳಿ, ಇನ್ನೊಂದನ್ನು ಆಡಿಟರ್ ಬಳಿ ಇಟ್ಟಿದ್ದೇನೆ. ನಮ್ಮ ಸಂಸ್ಥೆ ಮುಚ್ಚಿದರೆ ಅವರು ಅದನ್ನು ಎಲ್ಲರಿಗೂ ಹಂಚಬೇಕು ಅಂತ ಬರಹದಲ್ಲೇ ಇದೆ. ಪೆನ್‌ಡ್ರೈವ್ ಕೆಟ್ಟಿರಬಹುದು ಅನ್ನುವ ಭಯಕ್ಕೆ ಪ್ರತಿ ಫೆಬ್ರವರಿಯಲ್ಲಿ ಒಂದು ಲಕೋಟೆ ಒಡೆದು, ನೆಟ್ ಕಿತ್ತ ಹಳೆಯ ಕಂಪ್ಯೂಟರಿನಲ್ಲಿ ಹಾಕಿ ನೋಡುತ್ತೇವೆ. ಈ ಸಲ ನೋಡುವಾಗ ಯಜಮಾನರನ್ನೂ ಕರೆದಿದ್ದೆ. ಪರದೆ ಮೇಲೆ ಪಟ್ಟಿ ಬಂತು. ಪ್ರಿಂಟ್ ಕೊಟ್ಟೆ, ಹಾಳೆ ಹೊರಬರುವವರೆಗೂ ಅವರು ಕುರ್ಚಿಯಿಂದ ಏಳಲಿಲ್ಲ.