ನುಡಿಯ ಹಳೆಯ ಕಡತ ಯೂನಿಕೋಡ್‌ಗೆ: ಇಂಗ್ಲಿಷ್ ಪದ ಕೆಡದಂತೆ

‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಬೆರಳಚ್ಚಾಗಿದ್ದ ವರ್ಡ್ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಫಾಂಟನ್ನು ನಿರ್ಮಲಾ ಯುಐ, ತುಂಗಾ ಎಂದು ಬದಲಿಸಿದರೂ ಪ್ರಯೋಜನವಾಗಲಿಲ್ಲ. ನುಡಿ ಇದ್ದ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿದಾಗ ಓದಲು ಬಂತು, ನಕಲಿಸಿದರೆ ಅದೇ ಗೊಜಲು. ನುಡಿ ಫಾಂಟ್ ಹಾಕಿಕೊಂಡರೆ ಆ ಕಂಪ್ಯೂಟರಿನಲ್ಲಿ ಸರಿ. ಮೊಬೈಲಿನಲ್ಲಿ, ಹುಡುಕಾಟದಲ್ಲಿ ಉಪಯೋಗವಿಲ್ಲ. ಕಡತದೊಳಗಿರುವುದೇ ಇಂಗ್ಲಿಷ್ ಸಂಕೇತಗಳು, ಫಾಂಟ್ ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತದೆ ಅಷ್ಟೆ.

ಇಂಥ ಕಡತವನ್ನು ಯೂನಿಕೋಡ್‌ಗೆ (ಎಲ್ಲ ಕಡೆ ಓದಲು ಬರುವ ಅಕ್ಷರ ಸಂಕೇತ ಪದ್ಧತಿ) ಬದಲಿಸುವ ಪರಿವರ್ತಕಕ್ಕೆ ನೇರವಾಗಿ ಹಾಕಿದರೆ ನಡುವಿನ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಇಲ್ಲಿ ಕ್ರಮ ಮುಖ್ಯ. ಮೂಲದ ಪ್ರತಿ ತೆಗೆದಿಡಿ. ವರ್ಡ್‌ನ ಹುಡುಕು ಪೆಟ್ಟಿಗೆಯನ್ನು ಖಾಲಿ ಬಿಟ್ಟು, ಫಾರ್ಮ್ಯಾಟ್‌ನಲ್ಲಿ ಇಂಗ್ಲಿಷ್ ಪದಗಳಿಗೆ ಬಳಸಿದ ಫಾಂಟ್ (ಇಲ್ಲಿ ಟೈಮ್ಸ್ ನ್ಯೂ ರೋಮನ್) ಆರಿಸಿದರೆ ಇಂಗ್ಲಿಷ್ ಭಾಗಗಳು ಒಂದೊಂದಾಗಿ ಸಿಗುತ್ತವೆ. ಅವನ್ನು ಬೇರೆ ಹಾಳೆಗೆ ಕತ್ತರಿಸಿ, ಆ ಜಾಗದಲ್ಲಿ 9001, 9002 ಎಂದು ಅಂಕಿ ಹಾಕಿ. ಆಮೇಲೆ ಪರಿವರ್ತಕದಲ್ಲಿ ಆಸ್ಕಿಯಿಂದ (ನುಡಿಯ ಹಳೆಯ ಸಂಕೇತ) ಯೂನಿಕೋಡ್‌ಗೆ ಪರಿವರ್ತಿಸಿ, ಹೊಸ ಕಡತದಲ್ಲಿ ‘ಪಠ್ಯ ಮಾತ್ರ’ ಎಂದು ಅಂಟಿಸಿ. ಹಳೆಯ ಕಡತದಲ್ಲೇ ಅಂಟಿಸಿದರೆ ನುಡಿ ಫಾಂಟ್ ಮತ್ತೆ ಮೆತ್ತಿಕೊಳ್ಳುತ್ತದೆ. ಕೊನೆಗೆ ಅಂಕಿಗಳ ಜಾಗಕ್ಕೆ ಪದಗಳನ್ನು ಮರಳಿಸಿ.

ಅರ್ಕಾವೊತ್ತಿನ ಪದಗಳನ್ನು ಕಣ್ಣಿಟ್ಟು ನೋಡಿ. ‘ರ‍್ಯಾಂಕ್’ ಎಂಬುದು ‘ರ್ಯಾಂಕ್’ ಆಗಿದ್ದರೆ, ‘ರ’ ಬರೆದು, 200 ಮತ್ತು ಇಂಗ್ಲಿಷಿನ ಡಿ ಸೇರಿಸಿ ಆಲ್ಟ್-ಎಕ್ಸ್ ಒತ್ತಿ, ಬಳಿಕ ಹಲಂತ, ‘ಯಾ’ ಬರೆಯಿರಿ.