ಜಾವಾಸ್ಕ್ರಿಪ್ಟ್: ರನ್‌ಟೈಮ್‌ಗೆ ಅರ್ಧ ಗಂಟೆ, ಲಿಂಟರ್‌ಗೆ ಒಂದು ದಿನ

ಸೋಮವಾರಪೇಟೆಯ ಮನೆಯಲ್ಲೇ ಕೂತು ಕಾಫಿ ತೋಟದವರಿಗೆ ಸಣ್ಣ ಸಣ್ಣ ಆ್ಯಪ್ ಮಾಡಿಕೊಡುವುದು ನನ್ನ ಕೆಲಸ. ಮಳೆ ಲೆಕ್ಕ, ಕೊಯ್ಲಿನ ತೂಕ, ವಾರದ ಬಟವಾಡೆ, ಇಂಥವು. ಹೊಸದಾಗಿ ಕಲಿತ ಹುಡುಗರು ಸಿಕ್ಕಾಗ ಮೊದಲು ಕೇಳುವುದು ಒಂದೇ: "ನೋಡ್ ಹಳೇದಾಯ್ತು ಅಲ್ವಾ, ಬನ್ ಹಾಕೋಣ್ವಾ?" ಇವೆರಡೂ ಜಾವಾಸ್ಕ್ರಿಪ್ಟ್ ಕೋಡನ್ನು ಬ್ರೌಸರ್ ಹೊರಗೆ ಓಡಿಸುವ ರನ್‌ಟೈಮ್‌ಗಳು. ಓಡಿಸುವ ಮುಂಚೆಯೇ ಕೋಡ್ ಓದಿ ತಪ್ಪು ತೋರಿಸುವ ಲಿಂಟರ್ ಬಗ್ಗೆ ಯಾರೂ ಕೇಳುವುದಿಲ್ಲ. ನಿಮ್ಮ ಸಮಯ ಹೋಗಬೇಕಾದದ್ದು ಲಿಂಟರ್ ಕಡೆಗೆ.

ರನ್‌ಟೈಮ್ ವಿಷಯ ಬೇಗ ಮುಗಿಸೋಣ. ಕೋಡ್ ಕೊನೆಗೆ ಎಲ್ಲಿ ಓಡುತ್ತದೆ ಅಂತ ಮೊದಲು ನೋಡಿ. ಬೇರೆಯವರ ಸರ್ವರ್ ಆದರೆ ಅಲ್ಲಿ ಏನಿದೆಯೋ ಅದೇ ನಿಮ್ಮ ಆಯ್ಕೆ. ಸಾಮಾನ್ಯವಾಗಿ ಅದು ನೋಡ್. 2009ರಲ್ಲಿ ಬಂದದ್ದು, ಎಲ್ಲ ಕಡೆ ಸಿಗುತ್ತದೆ. 22, 24ರಂಥ ಎಲ್‌ಟಿಎಸ್ (ಹೆಚ್ಚು ಕಾಲ ದುರಸ್ತಿ ಸಿಗುವ) ಆವೃತ್ತಿಯನ್ನೇ ಹಾಕಿ. ಎಲ್‌ಟಿಎಸ್ ಆದ ಮೇಲೆ ಅವಕ್ಕೆ ಒಟ್ಟು 30 ತಿಂಗಳು ದುರಸ್ತಿ ಸಿಗುತ್ತದೆ. ಹಾಕುವ ದಿನ ಇನ್ನೆಷ್ಟು ತಿಂಗಳು ಉಳಿದಿದೆ ಅಂತ ನೋಡಿಕೊಳ್ಳಿ. ಆವೃತ್ತಿಯ ಸಂಖ್ಯೆಯನ್ನು ಪ್ರಾಜೆಕ್ಟ್ ಒಳಗಿನ ಫೈಲಿನಲ್ಲೇ ಬರೆದಿಡಿ. ನೆಟ್‌ನಿಂದ ಮಾಹಿತಿ ತರುವ ಫೆಚ್, ಟೆಸ್ಟ್ ಓಡಿಸುವ ಟೆಸ್ಟ್ ರನ್ನರ್ ಎರಡೂ ಈಗ ನೋಡ್ ಒಳಗೇ ಇವೆ. ಅದಕ್ಕೆ ಬೇರೆ ಪ್ಯಾಕೇಜ್ (ಇತರರು ಬರೆದಿಟ್ಟ ಕೋಡ್) ಬೇಡ.

ಡೀನೋ ಅನ್ನುವ ಮೂರನೇ ರನ್‌ಟೈಮ್ ನನಗೆ ಇಷ್ಟವಾಗುವುದು ಒಂದು ಕಾರಣಕ್ಕೆ. ನೋಡ್ ಮಾಡಿದ ರಯಾನ್ ಡಾಲ್ ಅವರೇ 2018ರಲ್ಲಿ ಇದನ್ನೂ ತೋರಿಸಿದರು. ಕೋಡ್ ಓಡುವಾಗ ಫೈಲನ್ನಾಗಲಿ ನೆಟ್ಟನ್ನಾಗಲಿ ಕೇಳದೆ ಮುಟ್ಟಲು ಇದು ಬಿಡುವುದಿಲ್ಲ. ಮಳೆಯ ಒಂದು ಫೈಲ್ ಓದಿ ತಿಂಗಳ ಮೊತ್ತ ಹೇಳುವ ಸ್ಕ್ರಿಪ್ಟ್‌ಗೆ ಆ ಫೈಲ್ ಓದುವ ಅನುಮತಿ ಮಾತ್ರ ಕೊಟ್ಟರೆ ಸಾಕು. ಅದು ನೆಟ್ ಮುಟ್ಟಲು ಹೋದರೆ ಅಲ್ಲೇ ನಿಲ್ಲಿಸಿ ನಿಮ್ಮನ್ನು ಕೇಳುತ್ತದೆ. ತೋಟದ ಲೆಕ್ಕ ಇರುವ ಕಂಪ್ಯೂಟರಿನಲ್ಲಿ ಇನ್ನೊಬ್ಬರ ಸ್ಕ್ರಿಪ್ಟ್ ಓಡಿಸುವಾಗ ಇದು ದೊಡ್ಡ ಸಮಾಧಾನ.

ಬನ್ 1.0 ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಪ್ಯಾಕೇಜ್ ಇಳಿಸುವುದರಲ್ಲಿ ನಿಜಕ್ಕೂ ವೇಗ. ಆದರೆ ಅದರ ಎಂಜಿನ್, ಅಂದರೆ ಜಾವಾಸ್ಕ್ರಿಪ್ಟ್ ಓದಿ ನಡೆಸುವ ಭಾಗ, ಬೇರೆ. ನೋಡ್‌ನಲ್ಲಿರುವುದು ಕ್ರೋಮ್‌ನ ವಿ8, ಇದರಲ್ಲಿರುವುದು ಸಫಾರಿಯ ಜಾವಾಸ್ಕ್ರಿಪ್ಟ್‌ಕೋರ್. ಹಾಗಾಗಿ ನಿಮ್ಮ ಟೆಸ್ಟ್‌ಗಳನ್ನು ಎರಡರಲ್ಲೂ ಓಡಿಸಿ ನೋಡದೆ ಬದಲಾಯಿಸಬೇಡಿ. ಮತ್ತೆ, ನೋಡ್ ಜೊತೆ ಬರುವ, ಪ್ಯಾಕೇಜ್ ಇಳಿಸುವ ಎನ್‌ಪಿಎಂನದ್ದೊಂದು, ಬನ್‌ನದ್ದೊಂದು ಅಂತ ಎರಡು ಲಾಕ್ ಫೈಲ್ (ಯಾವ ಪ್ಯಾಕೇಜಿನ ಯಾವ ಆವೃತ್ತಿ ಅಂತ ಬರೆದಿಡುವ ಫೈಲ್) ಇಟ್ಟುಕೊಳ್ಳಬೇಡಿ.

ಈಗ ಲಿಂಟರ್. ಯಾವುದು ವೇಗ, ಯಾವುದಕ್ಕೆ ಎಷ್ಟು ನಿಯಮ ಅಂತ ಪಟ್ಟಿ ನೋಡಿ ಆರಿಸಬೇಡಿ. ನಿಮ್ಮ ಕೋಡಿನಲ್ಲಿ ಎಂಥ ತಪ್ಪು ಬರುತ್ತದೋ ಅದನ್ನು ಹಿಡಿಯುವುದೇ ನಿಮ್ಮ ಲಿಂಟರ್. ಅದನ್ನು ಕಂಡುಕೊಳ್ಳುವ ದಾರಿ ಹೀಗೆ. ಕೋಡಿನ ಬದಲಾವಣೆ ದಾಖಲಿಸುವ ಗಿಟ್‌ನ ಇತಿಹಾಸದಲ್ಲಿ ತಪ್ಪು ಸರಿಮಾಡಿದ ದಾಖಲೆಗಳನ್ನು, ಅಂದರೆ ಕಮಿಟ್‌ಗಳನ್ನು, ಹುಡುಕಿ. ಪ್ರತಿಯೊಂದರಲ್ಲೂ ಸರಿಮಾಡುವ ಮುಂಚಿನ ಕೋಡ್ ತೆಗೆಯಿರಿ. ಅದರ ಮೇಲೆ ಇಎಸ್‌ಲಿಂಟ್, ಬಯೋಮ್ ಅನ್ನುವ ಎರಡು ಲಿಂಟರ್‌ಗಳನ್ನು ಒಂದೊಂದು ಸಲ ಓಡಿಸಿ. ಯಾವುದು ಯಾವ ತಪ್ಪಿಗೆ ಕೂಗಿತು, ಯಾವುದಕ್ಕೆ ಸುಮ್ನೆ ಇತ್ತು ಅಂತ ಬರೆದುಕೊಳ್ಳಿ.

ಉದಾಹರಣೆಗೆ ನಮ್ಮ ಮಳೆ ಲೆಕ್ಕವನ್ನೇ ತಗೊಳ್ಳಿ. ಇಲ್ಲಿ ತೋಟದವರು ಮಳೆ ಹೇಳುವುದು ಇಂಚು, ಸೆಂಟ್‌ನಲ್ಲಿ. 100 ಸೆಂಟ್‌ಗೆ ಒಂದು ಇಂಚು. ಮಾರ್ಚ್‌ನಲ್ಲಿ ಹೂಮಳೆ ಬಂದ ರಾತ್ರಿ 1 ಇಂಚು 25 ಸೆಂಟ್ ಅಂತ ಫಾರ್ಮಿನಲ್ಲಿ ತುಂಬುತ್ತಾರೆ. ಇಂಚನ್ನು 100ರಿಂದ ಗುಣಿಸಿ ಸೆಂಟ್ ಕೂಡಿಸಿದರೆ 125 ಬರಬೇಕು ಅಲ್ವಾ? ಬರುವುದು 10025. ಫಾರ್ಮಿನಿಂದ ಬರುವುದೆಲ್ಲ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಗುಣಿಸುವಾಗ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಮಾಡಿಕೊಳ್ಳುತ್ತದೆ, ಕೂಡಿಸುವಾಗ ಮಾತ್ರ ಪಕ್ಕಕ್ಕೆ ಅಂಟಿಸಿಬಿಡುತ್ತದೆ. ಒಂದೇ ರಾತ್ರಿಗೆ 100 ಇಂಚು ಮಳೆ! ಇಎಸ್‌ಲಿಂಟ್ ಮತ್ತು ಬಯೋಮ್ ಶಿಫಾರಸು ಮಾಡುವ ನಿಯಮಗಳು ಇದನ್ನು ಹಿಡಿಯುವುದಿಲ್ಲ. ಅವು ನೋಡುವುದು ಹೆಚ್ಚಾಗಿ ಕೋಡಿನ ರೂಪವನ್ನು. ಇದಕ್ಕೆ ಬೇಕಾದದ್ದು, ಯಾವುದು ಸಂಖ್ಯೆ, ಯಾವುದು ಸ್ಟ್ರಿಂಗ್ ಅಂತ ನೋಡುವ ಟೈಪ್‌ಸ್ಕ್ರಿಪ್ಟ್‌ನ ಪರೀಕ್ಷೆ. ಇಡೀ ಕೋಡನ್ನು ಟೈಪ್‌ಸ್ಕ್ರಿಪ್ಟ್‌ಗೆ ಬದಲಾಯಿಸಬೇಕಿಲ್ಲ. ಫೈಲಿನ ಮೊದಲ ಸಾಲಿನಲ್ಲಿ ಟಿಎಸ್-ಚೆಕ್ ಕಾಮೆಂಟ್ (// @ts-check) ಹಾಕಿ. ಬಂದದ್ದು ಸ್ಟ್ರಿಂಗ್ ಅಂತ ಟೈಪ್‌ಸ್ಕ್ರಿಪ್ಟ್‌ಗೆ ಗೊತ್ತಿರುವ ಕಡೆ, ಗುಣಿಸಿದ ಜಾಗದಲ್ಲೇ ವಿಎಸ್ ಕೋಡ್ ಎಡಿಟರ್ ಕೆಂಪು ಗೆರೆ ಎಳೆಯುತ್ತದೆ.

ಇನ್ನೊಂದು, ಇದಕ್ಕಿಂತ ಕಷ್ಟದ್ದು. ಬಟವಾಡೆ ಉಳಿಸುವ ಫಂಕ್ಷನ್ ಮುಂದೆ ಅವೇಟ್ (ಆ ಕೆಲಸ ಮುಗಿಯುವವರೆಗೆ ಕಾಯಬೇಕು ಅಂತ ಹೇಳುವ ಪದ) ಬಿಟ್ಟುಹೋದರೆ, ಡೇಟಾಬೇಸ್ ಬರೆಯುವ ಮೊದಲೇ ಪರದೆಯಲ್ಲಿ "ಉಳಿಸಲಾಗಿದೆ" ಅಂತ ಬರುತ್ತದೆ. ಬರೆಯುವುದು ಕೆಟ್ಟರೂ ಬಳಸುವವರಿಗೆ ಗೊತ್ತಾಗುವುದಿಲ್ಲ. ಒಬ್ಬ ಕೂಲಿಯವರ ವಾರದ ದುಡ್ಡಿನ ಲೆಕ್ಕ ಅದು. ಇಎಸ್‌ಲಿಂಟ್ ಜೊತೆ ಟೈಪ್‌ಸ್ಕ್ರಿಪ್ಟ್-ಇಎಸ್‌ಲಿಂಟ್ ಪ್ಯಾಕೇಜ್ ಹಾಕಿ, ಟೈಪ್ ಮಾಹಿತಿ ಕೊಟ್ಟರೆ, ನೋ-ಫ್ಲೋಟಿಂಗ್-ಪ್ರಾಮಿಸಸ್ ನಿಯಮ ಇದನ್ನು ಹಿಡಿಯುತ್ತದೆ. ಬಯೋಮ್ ಕೂಡ 2025ರ ಎರಡನೇ ಆವೃತ್ತಿಯಲ್ಲಿ ಇಂಥ ನಿಯಮ ತಂದಿತು. ಆದರೆ ಬಂದಾಗ ಎಲ್ಲ ಸಂದರ್ಭ ಹಿಡಿಯುವಷ್ಟು ಇರಲಿಲ್ಲ. ದುಡ್ಡಿನ ಲೆಕ್ಕ ಇರುವ ಆ್ಯಪ್‌ಗೆ ನಾನು ಇಎಸ್‌ಲಿಂಟ್ ಬಿಡುವುದಿಲ್ಲ, ನಿಧಾನವಾದರೂ ಸರಿ.

ಉಳಿದ ಕೆಲಸಕ್ಕೆ ಬಯೋಮ್ ಚೆನ್ನ. ಒಂದೇ ಪ್ಯಾಕೇಜ್, ಲಿಂಟರೂ ಅದೇ, ಫಾರ್ಮ್ಯಾಟರೂ ಅದೇ. ಕೋಡನ್ನು ಒಪ್ಪವಾಗಿ ಜೋಡಿಸುವ ಪ್ರಿಟಿಯರ್ ಬೇರೆ ಬೇಡ. ಇಎಸ್‌ಲಿಂಟ್ ಹಾಕುವವರು ಹಳೆಯ ಪಾಠ ನೋಡಿ ಕೂರಬೇಡಿ. 2024ರ ಏಪ್ರಿಲ್‌ನ 9ನೇ ಆವೃತ್ತಿಯಿಂದ ಸೆಟ್ಟಿಂಗ್ ಬರೆಯುವ ರೀತಿಯೇ ಬದಲಾಗಿದೆ. ಎಚ್ಚರಿಕೆಗಳನ್ನು ರಾಶಿ ಹಾಕಿಕೊಳ್ಳಲೂ ಬೇಡಿ. ಬೇಕಾದ ನಿಯಮ ಮುರಿದರೆ ಎರರ್, ಬೇಡದ ನಿಯಮ ಬಂದ್. ನಡುವಿನದ್ದನ್ನು ಯಾರೂ ಓದುವುದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಪರೀಕ್ಷೆ ಬೇಕೇ ಬೇಕು. ಜೂನ್‌ಗೆ ಮಳೆ ಹಿಡಿದ ಮೇಲೆ ಲೈನ್ ಮೇಲೆ ಮರ ಬಿದ್ದು ಕರೆಂಟೂ ಹೋಗುತ್ತದೆ, ನೆಟ್ಟೂ ಹೋಗುತ್ತದೆ. ಹಾಗಾಗಿ ಎಲ್ಲ ಹಾಕಿ ಆದ ಮೇಲೆ ವೈಫೈ ಆಫ್ ಮಾಡಿ. ಪ್ಯಾಕೇಜ್‌ಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಳಿಸಿ, ಅವನ್ನು ಮತ್ತೆ ಹಾಕುವ ಎನ್‌ಪಿಎಂ ಸಿಐಗೆ ಆಫ್‌ಲೈನ್ ಆಯ್ಕೆ ಕೊಟ್ಟು ಓಡಿಸಿ. ಡೀನೋದಲ್ಲಿ ಇದಕ್ಕೇ ಕ್ಯಾಶ್ಡ್-ಓನ್ಲಿ ಅಂತ ಆಯ್ಕೆ ಇದೆ. ಆಮೇಲೆ ಲಿಂಟ್, ಟೆಸ್ಟ್ ಎರಡೂ ನಡೆಯಬೇಕು. ಏನಾದರೂ ಸಿಗಲಿಲ್ಲ ಅಂದರೆ ನೆಟ್ ಹಾಕಿ ಒಮ್ಮೆ ಇಳಿಸಿಕೊಂಡು, ಮತ್ತೆ ಆಫ್ ಮಾಡಿ ನೋಡಿ. ಇದನ್ನು ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳಿ.