ಡೀಸೆಲ್ ಮಾಡುವ ಕೆಲಸ: ಎಲ್ಲಾ ಹೈಡ್ರೋಜನ್ ಲೆಕ್ಕ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟಕ್ಕೆ ವಾಪಸ್ ಬಂದ ಮೇಲೆ ಅಕ್ಕಪಕ್ಕದವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. "ಕಚ್ಚಾ ತೈಲ ಕಾಯಿಸಿದರೆ ಪೆಟ್ರೋಲ್, ಡೀಸೆಲ್ ಬರುತ್ತೆ, ಅಷ್ಟೇ ಅಲ್ವಾ ಅಣ್ಣ?"

ಅಷ್ಟೇ ಅಲ್ಲ. ನಾನು ಮಂಗಳೂರಿನ ರಿಫೈನರಿಯಲ್ಲಿ ಶಿಫ್ಟ್ ಕೆಲಸ ಮಾಡಿದವನು. ಮೊದಲು ಕಚ್ಚಾ ತೈಲ ಕಾಯಿಸುವ ಕ್ರೂಡ್ ಯೂನಿಟ್‌ನಲ್ಲಿದ್ದೆ, ಆಮೇಲೆ ಡೀಸೆಲ್‌ನಿಂದ ಗಂಧಕ ತೆಗೆಯುವ ಯೂನಿಟ್‌ಗೆ ಹೋದೆ. ಕಾಯಿಸಿದರೆ ತೈಲ ವಿಂಗಡ ಆಗುತ್ತದೆ. ಅದರಲ್ಲಿ ಮೊದಲೇ ಇದ್ದದ್ದು ಬೇರೆ ಬೇರೆ ಆಗುತ್ತದೆ, ಹೊಸದೇನೂ ಹುಟ್ಟುವುದಿಲ್ಲ. ಹೊಸದು ಹುಟ್ಟಬೇಕಾದರೆ ಹೈಡ್ರೋಜನ್ನನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಸೇರಿಸಬೇಕು. ರಿಫೈನರಿ ನಿಂತಿರುವುದೇ ಈ ಲೆಕ್ಕದ ಮೇಲೆ.

ವಿಂಗಡಣೆಯೂ ಸುಲಭದ ಕೆಲಸವಲ್ಲ ಅನ್ನಿ. ಹಡಗಿನಲ್ಲಿ ಬಂದ ತೈಲದ ಜೊತೆ ಉಪ್ಪುನೀರು ಇರುತ್ತದೆ. ಹಾಗೇ ಕಾಯಿಸಿದರೆ ಆ ಉಪ್ಪಿನಿಂದ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ, ಆವಿ ವಿಂಗಡಿಸುವ ಎತ್ತರದ ಗೋಪುರವಾದ ಕಾಲಮ್‌ನ ಮೇಲಿನ ಪೈಪುಗಳನ್ನು ತಿಂದುಹಾಕುತ್ತದೆ. ಅದಕ್ಕೇ ಮೊದಲು ತೈಲಕ್ಕೆ ನೀರು ಬೆರೆಸಿ, ಕರೆಂಟಿನ ಬಲದಿಂದ ಹನಿಗಳನ್ನು ಕೂಡಿಸಿ, ಉಪ್ಪನ್ನು ನೀರಿನ ಜೊತೆ ಇಳಿಸಿಬಿಡುತ್ತೇವೆ. ಆಮೇಲೆ ಫರ್ನೇಸ್. ಅಲ್ಲಿ ಸುಮಾರು 350ರಿಂದ 370 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಜಾಸ್ತಿ ಏರಿಸಿದರೆ ಅಣುಗಳು ಒಡೆಯಲು ಶುರುವಾಗಿ ಟ್ಯೂಬಿನೊಳಗೆ ಕೋಕ್, ಅಂದರೆ ಗಟ್ಟಿ ಇಂಗಾಲ, ಕಟ್ಟುತ್ತದೆ.

ಕಾಲಮ್‌ನ ತುದಿಯಿಂದ ಗ್ಯಾಸ್ ಮತ್ತು ಪೆಟ್ರೋಲ್ ಮಾಡುವ ಹಗುರ ಎಣ್ಣೆ ನಾಫ್ತಾ, ಅದರ ಕೆಳಗೆ ಸೀಮೆಎಣ್ಣೆ, ಇನ್ನೂ ಕೆಳಗೆ ಡೀಸೆಲ್. ಪ್ಯಾನೆಲ್ ಮುಂದೆ ಕೂತವನ ಜಾಣತನ ಕಾಣುವುದು ಇವುಗಳ ಗಡಿ ಎಲ್ಲಿ ಹಾಕುತ್ತಾನೆ ಎನ್ನುವುದರಲ್ಲಿ. ಡೀಸೆಲ್ ಎಳೆಯುವ ಜಾಗದ ಉಷ್ಣತೆ ಸ್ವಲ್ಪ ಏರಿಸಿದರೆ ಡೀಸೆಲ್ ಜಾಸ್ತಿ ಸಿಗುತ್ತದೆ. ಆದರೆ ಅದರ ನೂರಕ್ಕೆ 95 ಭಾಗ 360 ಡಿಗ್ರಿಯೊಳಗೆ ಆವಿಯಾಗಲೇಬೇಕು, ಅದು ನಿಯಮ. ನಾನು ಆ ಗಡಿಯ ಹತ್ತಿರ ಹತ್ತಿರ ನಡೆಸುತ್ತಿದ್ದೆ, ಲ್ಯಾಬ್ ವರದಿ ಬರುವವರೆಗೆ ಕಣ್ಣು ಪ್ಯಾನೆಲ್ ಮೇಲೇ. ಟ್ಯಾಂಕ್ ಬದಲಾಗಿ ಬೇರೆ ತೈಲ ಬಂದರೆ ಹಳೆಯ ಅಂಕಿಗಳು ಕೆಲಸಕ್ಕೆ ಬರುವುದಿಲ್ಲ. ಮುಂಬೈ ಕಡಲಿನ ಬಾಂಬೆ ಹೈನ ಹಗುರ ತೈಲಕ್ಕೂ ಕೊಲ್ಲಿ ದೇಶಗಳ ಭಾರದ ತೈಲಕ್ಕೂ ತುಂಬಾ ವ್ಯತ್ಯಾಸ.

ತಳದಲ್ಲಿ ಉಳಿಯುವ ಕಪ್ಪು ಎಣ್ಣೆಯನ್ನು ಇನ್ನೂ ಕಾಯಿಸುವಂತಿಲ್ಲ, ಕೋಕ್ ಆಗುತ್ತದೆ. ಹಾಗಾಗಿ ಒತ್ತಡ ಇಳಿಸುತ್ತೇವೆ. ಮಡಿಕೇರಿ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಅದಕ್ಕೇ ಅಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ವ್ಯಾಕ್ಯೂಮ್ ಕಾಲಮ್‌ನಲ್ಲಿ ನಡೆಯುವುದೂ ಇದೇ. ಅಲ್ಲಿ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡದ ಸಣ್ಣ ಪಾಲಿಗೆ ಇಳಿಸಿರುತ್ತೇವೆ, ಭಾರದ ಎಣ್ಣೆ ಒಡೆಯದೆ ಆವಿಯಾಗುತ್ತದೆ. ಕೊನೆಗೂ ಏಳದೆ ಉಳಿದದ್ದರಿಂದಲೇ ರಸ್ತೆಯ ಡಾಂಬರು.

ಈಗ ಹೈಡ್ರೋಜನ್ ವಿಷಯ. ಡೀಸೆಲ್‌ನಲ್ಲಿ ಒಂದು ಇಂಗಾಲಕ್ಕೆ ಸುಮಾರು 1.8 ಹೈಡ್ರೋಜನ್ ಇದೆ. ತಳದ ಎಣ್ಣೆಯಲ್ಲಿ 1.5ರ ಆಸುಪಾಸು. ಅಂದ್ರೆ ತಳದ ಎಣ್ಣೆ ಡೀಸೆಲ್ ಆಗಬೇಕಾದರೆ ದೊಡ್ಡ ಅಣು ಒಡೆದರಷ್ಟೇ ಸಾಲದು. ಇಂಗಾಲವನ್ನು ಕೋಕ್ ಮಾಡಿ ಹೊರಗೆ ಹಾಕಬೇಕು, ಇಲ್ಲವಾದರೆ ಹೈಡ್ರೋಜನ್ ಸೇರಿಸಬೇಕು. ಕ್ಯಾಟಲಿಟಿಕ್ ಕ್ರ್ಯಾಕರ್ ಮೊದಲ ದಾರಿ ಹಿಡಿಯುತ್ತದೆ: ಜಿಯೋಲೈಟ್ ಎಂಬ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಪುಡಿಯ ಮೇಲೆ 500 ಡಿಗ್ರಿ ದಾಟಿ ಎಣ್ಣೆ ಒಡೆಯುತ್ತದೆ, ಪುಡಿಗೆ ಅಂಟಿದ ಕೋಕ್ ಸುಡುವಾಗ ಬರುವ ಶಾಖದಿಂದಲೇ ಯೂನಿಟ್ ನಡೆಯುತ್ತದೆ. ಹೈಡ್ರೋಕ್ರ್ಯಾಕರ್ ಎರಡನೆಯ ದಾರಿ. ಖರ್ಚು ಜಾಸ್ತಿ, ಆದರೆ ಒಳ್ಳೆಯ ಡೀಸೆಲ್ ಬೇಕಾದರೆ ನನ್ನ ಓಟು ಇದಕ್ಕೇ.

ಹೈಡ್ರೋಜನ್ ಎಲ್ಲಿಂದ? ಒಂದು ಪಾಲು ಪೆಟ್ರೋಲ್ ಮಾಡುವಾಗಲೇ ಸಿಗುತ್ತದೆ. ನಾಫ್ತಾದಲ್ಲಿ ಹೆಪ್ಟೇನ್ ಎಂಬ ಅಣು ಇದೆ. ಏಳು ಇಂಗಾಲ, ಹದಿನಾರು ಹೈಡ್ರೋಜನ್. ಎಂಜಿನ್ ಬಡಿದುಕೊಳ್ಳದಂತೆ (ನಾಕಿಂಗ್ ಆಗದಂತೆ) ಉರಿಯುವ ಗುಣ ಅಳೆಯುವ ಆಕ್ಟೇನ್ ಸಂಖ್ಯೆ ಇದಕ್ಕೆ ಸೊನ್ನೆ. ಸುಮಾರು 500 ಡಿಗ್ರಿಯಲ್ಲಿ ಪ್ಲಾಟಿನಂ ಮೇಲೆ ಹಾಯಿಸಿದರೆ ಅದು ಉಂಗುರ ಕಟ್ಟಿಕೊಂಡು ಟಾಲ್ವೀನ್ ಆಗುತ್ತದೆ. ಇಂಗಾಲ ಏಳೇ, ಹೈಡ್ರೋಜನ್ ಮಾತ್ರ ಎಂಟು. ಆಕ್ಟೇನ್ ನೂರು ದಾಟಿತು! ಬಿಟ್ಟುಕೊಟ್ಟ ಎಂಟು ಹೈಡ್ರೋಜನ್ ನಮ್ಮ ಯೂನಿಟ್‌ಗೆ ಬರುತ್ತಿತ್ತು. ಈ ಕೊಡುಕೊಳ್ಳುವಿಕೆ ಅರ್ಥವಾದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು.

ನಮ್ಮ ಯೂನಿಟ್‌ನಲ್ಲಿ ಕೋಬಾಲ್ಟ್, ಮಾಲಿಬ್ಡಿನಂ ಇರುವ ಕ್ಯಾಟಲಿಸ್ಟ್ ಮೇಲೆ ಆ ಹೈಡ್ರೋಜನ್ ಡೀಸೆಲ್‌ನ ಗಂಧಕವನ್ನು ಕಿತ್ತುಕೊಂಡು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಬಿಎಸ್-6 ಎಂಬ ಹೊಸ ನಿಯಮ ಬಂತು, 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50 ಭಾಗ) ಇದ್ದ ಗಂಧಕದ ಮಿತಿ 10ಕ್ಕೆ ಇಳಿಯಿತು. ಕೊನೆಯ ಆ ಸ್ವಲ್ಪ ಗಂಧಕವೇ ಕಷ್ಟ. ಅದು ಉಂಗುರಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಕ್ಯಾಟಲಿಸ್ಟ್‌ಗೆ ಎಟುಕುವುದಿಲ್ಲ.

ಹೈಡ್ರೋಜನ್ ಸಲ್ಫೈಡ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಸುಮಾರು 100 ಪಿಪಿಎಂ ದಾಟಿದರೆ ಮೂಗು ಸತ್ತುಹೋಗುತ್ತದೆ, ವಾಸನೆ ನಿಂತಿತು ಎಂದು ಮುಂದೆ ಹೋದವನು ಬೀಳುತ್ತಾನೆ. ಮೀಟರ್ ಸಿಕ್ಕಿಸಿಕೊಳ್ಳದೆ ಯೂನಿಟ್‌ಗೆ ಇಳಿಯಬೇಡಿ ಎಂದು ಹೊಸ ಹುಡುಗರಿಗೆ ದಿನಾ ಹೇಳುತ್ತಿದ್ದೆ. ಆ ವಿಷದ ಗಾಳಿಯ ಒಂದು ಪಾಲನ್ನು ಸುಟ್ಟು, ಉಳಿದ ಪಾಲಿನ ಜೊತೆ ಸೇರಿಸಿದರೆ ಹಳದಿ ಗಂಧಕ ಸಿಗುತ್ತದೆ. ಅಂಥ ಗಂಧಕದಿಂದ ಸಲ್ಫ್ಯೂರಿಕ್ ಆಮ್ಲ, ಆ ಆಮ್ಲದಿಂದ ಮೈಲುತುತ್ತ. ನಾವು ಮಳೆಗಾಲಕ್ಕೆ ಮುಂಚೆ ಕರಿಮೆಣಸಿಗೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ಅದರದ್ದೇ ಅಲ್ವಾ?

ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಓಡಿಸಲು ಎಲ್ಲರ ಮನೆಯಲ್ಲೂ ಡೀಸೆಲ್ ಬ್ಯಾರೆಲ್ ಇರುತ್ತದೆ. ಖರ್ಚು ಉಳಿಯಲಿ ಎಂದು ಅದಕ್ಕೆ ಸೀಮೆಎಣ್ಣೆ ಬೆರೆಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಗಂಧಕ ತೆಗೆಯುವಾಗ ಡೀಸೆಲ್‌ನ ಜಾರುವ ಗುಣವೂ ಕಡಿಮೆಯಾಗುತ್ತದೆ, ಅದನ್ನು ತುಂಬಲೆಂದೇ ರಿಫೈನರಿಯಲ್ಲಿ ಬೇರೆ ರಾಸಾಯನಿಕ ಸೇರಿಸುತ್ತಾರೆ. ಸೀಮೆಎಣ್ಣೆ ತೆಳು, ಬೆರೆಸಿದರೆ ಪಂಪ್ ಮತ್ತು ಇಂಜೆಕ್ಟರ್ ಸವೆಯುತ್ತವೆ. ಹೊಸ ಜೀಪಿಗೆ ಹಾಕಿದರಂತೂ ಸೀಮೆಎಣ್ಣೆಯ ಗಂಧಕದಿಂದ ಸೈಲೆನ್ಸರ್‌ನ ಕ್ಯಾಟಲಿಸ್ಟ್ ಕೂಡ ಹಾಳು. ಬ್ಯಾರೆಲನ್ನು ಮಳೆಗೆ ನೆನೆಯದ ಕಡೆ ಇಡಿ, ಮುಚ್ಚಳ ಬಿಗಿ ಮಾಡಿ. ತಳದಲ್ಲಿ ನೀರು ನಿಂತರೆ ಅದರಲ್ಲಿ ಸೂಕ್ಷ್ಮಜೀವಿ ಬೆಳೆದು ಫಿಲ್ಟರ್ ಕಟ್ಟಿಕೊಳ್ಳುತ್ತದೆ.